ಏರಿನಲ್ಲಿ ಸಣ್ಣ ಎಂಜಿನ್

ಗಾಜಿನ ಹಾಳೆಗಳ ನಡುವೆ ಹಳೆಯ ಪೇಪರ್ ಮಡಿಸಿ ತುರುಕುತ್ತಿದ್ದ ಅಕ್ಕ, ಹಗ್ಗದ ಗಂಟನ್ನು ಮತ್ತೊಮ್ಮೆ ಎಳೆದು ನೋಡಿದಳು. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ತಮ್ಮ ಆಗಲೇ ಮುಖ ಸಿಂಡರಿಸಿದ್ದ.

"ಇದು ಪಿಕಪ್ಪಾ ಅಕ್ಕಾ? ಹೊಲಿಗೆ ಮಿಷಿನ್ನಿಗೆ ಚಕ್ರ ಹಾಕಿದ ಹಾಗಿದೆ."

"ಮೆಕ್ಯಾನಿಕ್ ಒಂದು ದಿನಕ್ಕೆ ಅಂತ ಕೊಟ್ಟಿದ್ದಾನೆ. ಓಡಿಸಿ ನೋಡಿ ಆಮೇಲೆ ಬೈಯೋ."

ಅವರ ಹಳೆಯ ಪಿಕಪ್ಪಿನ ದೊಡ್ಡ ಡೀಸೆಲ್ ಎಂಜಿನ್ ಕೈಕೊಟ್ಟು ಬಹಳ ದಿನವಾಗಿತ್ತು. ಹೊಸ ಗಾಡಿ ಇಂಥ ಸಣ್ಣ ಎಂಜಿನ್ನಿನದೇ ಸಾಕೆಂದು ಅಕ್ಕ ಕಂಪನಿಗೆ ಕಾಗದ ಬರೆದಿಟ್ಟಿದ್ದಳು. ಇಬ್ಬರ ಹೆಸರಿನ ಅಂಗಡಿ. ತಮ್ಮ ಸಹಿ ಹಾಕದೆ ಇವತ್ತು ನಾಳೆ ಎಂದು ದಿನ ದೂಡುತ್ತಿದ್ದ. ಅವನ ಭಯವೂ ಸುಳ್ಳಲ್ಲ. ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗುವ ಏರಿನಲ್ಲಿ ಎಂಜಿನ್ ಸೋತರೆ ಗಾಜೂ ಹೋಯಿತು, ಹಿಂದೆ ಬರುವವರೂ ಹೋದರು.

"ದಿನಾ ನಾವು ಹೊರೋದು ನಾಲ್ಕು ಕಿಟಕಿ ಗಾಜು," ಎಂದಳು ಅಕ್ಕ. "ಎಂದೋ ಬರೋ ನೆಂಟರಿಗೆ ಅಂತ ದಿನಾ ಹಂಡೆ ಒಲೆ ಮೇಲಿಡ್ತೀವಾ? ದೊಡ್ಡ ಎಂಜಿನ್ ಕುಡಿಯೋ ಡೀಸೆಲ್ಲು, ಅದರ ಭಾರಕ್ಕೆ ಸವೆಯೋ ಟೈರು, ಓಣಿಯಲ್ಲಿ ತಿರುಗಿಸೋ ಪಾಡು."

"ನೆಂಟರು ಬಂದ ದಿನ?"

"ಇವತ್ತೇ ಬಂದಿದ್ದಾರೆ ಅಂದುಕೋ. ಆಸ್ಪತ್ರೆಯ ಗಾಜು, ಗಾಡಿ ಪೂರ್ತಿ ತುಂಬಿದ್ದೀನಿ."

ಅರ್ಧ ಏರಿನವರೆಗೂ ಗಾಡಿ ಗೊಣಗದೆ ಹತ್ತಿತು. ತಿರುವಿನಲ್ಲಿ ಮೇಲಿಂದ ಲಾರಿ ಬಂತೆಂದು ತಮ್ಮ ಬದಿಗೆ ನಿಲ್ಲಿಸಿದ. ಮತ್ತೆ ಹೊರಡಿಸಿದಾಗ ಎಂಜಿನ್ ಒಮ್ಮೆ ನಡುಗಿ ನಿಂತುಹೋಯಿತು. ಗಾಡಿ ಒಂದು ಗೇಣು ಹಿಂದಕ್ಕೆ ಜಾರಿತು. ಬೆನ್ನ ಹಿಂದೆ ಗಾಜು ಕಿರ್ರೆಂದಿತು.

"ಹೇಳಿರಲಿಲ್ವಾ ನಾನು?" ಅವನು ಬ್ರೇಕನ್ನು ಒತ್ತಿ ಹಿಡಿದಿದ್ದ. ಹಿಂದೆ ಶಾಲೆಯ ವ್ಯಾನು ಬಂದು ನಿಂತಿತ್ತು.

ಅಕ್ಕ ಇಳಿದು ಹಿಂದಿನ ಚಕ್ರಕ್ಕೆ ಮರದ ತುಂಡು ಒತ್ತಿದಳು, ವ್ಯಾನಿನವನಿಗೆ ದೂರ ಸರಿಯೆಂದು ಕೈ ಬೀಸಿದಳು. ತಾನೇ ತಪ್ಪಿದೆನೇನೋ ಎನಿಸಿತು. ಕಿಟಕಿಯಲ್ಲಿ ತಲೆ ತೂರಿಸಿದವಳ ಕಣ್ಣು ಗೇರಿನ ಮೇಲೆ ಬಿತ್ತು.

"ಎಷ್ಟರಲ್ಲಿ ಹೊರಟೆ?"

"ಎರಡರಲ್ಲಿ. ಯಾವಾಗಲೂ ಅಷ್ಟೇ ಅಲ್ವಾ."

ಹಳೆಯ ಗಾಡಿ ಎಂಥ ಹೊರೆಯಿದ್ದರೂ ಎರಡನೇ ಗೇರಿನಲ್ಲೇ ಹೊರಡುತ್ತಿತ್ತು. ಒಂದನೇ ಗೇರು ಕಲಿಯುವವರಿಗೆ ಎನ್ನುವುದು ಅವನ ಜಂಬ. ಕೈಗೆ ಅದೇ ರೂಢಿಯಾಗಿಬಿಟ್ಟಿತ್ತು.

"ಒಂದಕ್ಕೆ ಹಾಕು."

"ಈ ವಯಸ್ಸಿಗೆ ಒಂದರಲ್ಲಿ ಹೊರಟರೆ ನಗ್ತಾರೆ ಅಕ್ಕಾ."

"ಹಿಂದೆ ಇರೋದು ಮಕ್ಕಳು. ನಗಲಿ ಬಿಡು."

ಎಂಜಿನ್ನಿನ ದನಿ ಏರಿತು. ಚಕ್ರ ಮರದ ತುಂಡನ್ನು ಬಿಟ್ಟು ಮುಂದೆ ಸರಿಯಿತು. ಮತ್ತೆ ಜಾರಿದರೆ ಎಂದು ಅಕ್ಕ ತುಂಡನ್ನು ಎತ್ತಿಕೊಂಡು, ಒಂದು ಬದಿಯಿಂದ, ಗಾಡಿಯ ಜೊತೆಜೊತೆಗೇ ಏದುಸಿರು ಬಿಡುತ್ತ ಹತ್ತಿದಳು. ಗಾಡಿ ಎಲ್ಲೂ ನಿಲ್ಲಲಿಲ್ಲ.

ಗಾಜೆಲ್ಲ ಇಳಿಸಿದ ಮೇಲೆ ತಮ್ಮ ಬೆವರು ಒರೆಸಿಕೊಳ್ಳುತ್ತ ಬಂದ. "ಆ ಕಾಗದ ತಂದಿದೀಯಾ?"

"ದಿನಾ ತರ್ತೀನಿ."

ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದ. ಲಕೋಟೆ ಅಂಟಿಸಿ, ಆಸ್ಪತ್ರೆಯ ಗೇಟಿನ ಪಕ್ಕದ ಅಂಚೆ ಡಬ್ಬಿಯವರೆಗೂ ನಡೆದು, ಹೊರಳಿ ಒಮ್ಮೆ ಏರನ್ನು ನೋಡಿದ. ಡಬ್ಬಿಯ ಬಾಯೊಳಗೆ ಅವನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಬರಿದಾಗಿ ಹೊರಬಂತು.