ಎದೆಮಟ್ಟದ ಅಳತೆ

ನಾನು ಮರದ ಸುತ್ತಳತೆ ತೆಗೆಯುವ ಬಟ್ಟೆಯ ಟೇಪು. ಮುಂಬೈ ಕಡೆಯ ಕಾರ್ಖಾನೆಯಲ್ಲಿ ನನ್ನ ಮೈಮೇಲೆ ಅಂಕಿ ಒತ್ತಿ, ಚರ್ಮದ ಡಬ್ಬಿಯಲ್ಲಿ ಸುತ್ತಿಟ್ಟರು. ಅಂಥ ನಿದ್ದೆ ಮತ್ತೆ ಸಿಗಲಿಲ್ಲ.

ಹಳಿಯಾಳದ ಆಚೆ ಸಾಗವಾನಿಯ ಸಂಶೋಧನಾ ತೋಪಿತ್ತು. ಮೊದಲ ಸಾಹೇಬರು ಪ್ರತಿ ಮರಕ್ಕೂ ಎದೆಮಟ್ಟದಲ್ಲಿ ಕೆಂಪು ಪಟ್ಟಿ ಬಳಿಸಿ, ನನ್ನನ್ನು ಕಾವಲುಗಾರ ಬಸ್ತ್ಯಾವ ಸಿದ್ದಿಯ ಕೈಗೆ ಕೊಟ್ಟರು. ಪಟ್ಟಿಯ ಮೇಲೆಯೇ ಅಳೆಯಬೇಕು. ಗೊತ್ತುಮಾಡಿದ ದಪ್ಪ ಬಂದ ವರ್ಷ ತೋಪು ಕಡಿಯಬೇಕು. ಬಸ್ತ್ಯಾವ ಒಂದು ತುದಿ ಹಿಡಿದರೆ, ಹೆಂಡತಿ ಪಾವಲಿನ ಇನ್ನೊಂದು ತುದಿ ಹಿಡಿಯುತ್ತಿದ್ದಳು.

"ನಾವಿರೂತನಾ ದಪ್ಪಾಗಬ್ಯಾಡ್ರಪಾ," ಎಂದು ಆತ ಮರಗಳಿಗೆ ಹೇಳುತ್ತಿದ್ದ. ತೋಪು ಹೋದರೆ ಇವರ ಕೆಲಸವೂ ಹೋಗುತ್ತಿತ್ತು, ಗುಡಿಸಲೂ ಹೋಗುತ್ತಿತ್ತು.

ಆಮೇಲೆ ಬಣ್ಣ ಬರುವುದು ನಿಂತಿತು. ತೊಗಟೆಯ ಜೊತೆ ಪಟ್ಟಿಗಳು ಉದುರಿದವು. "ಎದೆಮಟ್ಟಕ್ಕೆ ಹಿಡಿ, ಸಾಕು," ಎಂದರು ಹೊಸ ಸಾಹೇಬರು. ಬಸ್ತ್ಯಾವ ತನ್ನ ಎದೆಯ ಮಟ್ಟಕ್ಕೇ ಹಿಡಿದ. ವರ್ಷ ಕಳೆದಂತೆ ಅವನ ಬೆನ್ನು ಬಾಗಿತು, ನಾನೂ ಕೆಳಗಿಳಿದೆ. ಬುಡದ ಕಡೆ ಮರ ದಪ್ಪವಲ್ಲವೇ? ಅಳತೆ ಏರಿತು. ಎಣಿಸಿದ್ದಕ್ಕಿಂತ ಬೇಗ ಕಡಿಯುವ ಆದೇಶ ಬಂತು.

ಗರಗಸದವರು ಬಂದ ಬೆಳಿಗ್ಗೆ ಒಂದು ಮರದಲ್ಲಿ ಚೂರು ಕೆಂಪು ಉಳಿದದ್ದು ಪಾವಲಿನಳಿಗೆ ಕಂಡಿತು.

"ಅಲ್ನೋಡೋ ಮುದುಕಾ! ಎದೀ ಮುಂದಿದ್ದ ಬಣ್ಣ ಈಗ ನಿನ್ನ ಗದ್ದಕ್ಕ ಬಂದೈತಿ. ಗಿಡಾ ದಪ್ಪಾಗಿಲ್ಲ, ನೀ ಬಗ್ಗೀದಿ!"

ನಕ್ಕಳು. ಅರ್ಧಕ್ಕೇ ನಗು ನಿಂತಿತು. ಬಸ್ತ್ಯಾವ ನನ್ನನ್ನು ಹಿಡಿದುಕೊಂಡೇ ಓಡಿದ.

"ಸಾಹೇಬ್ರ, ಅಳತಿ ತಪ್ಪೇತ್ರಿ. ಇನ್ನೊಮ್ಮೆ ನೋಡೂಣ್ರಿ."

"ಹರಾಜು ಮುಗಿದಿದೆ ಬಸ್ತ್ಯಾವ. ಸಾಗವಾನಿ ಬೆಳೆಯಲಿ ಅಂತ ಕಾಯೋರು ಈಗ ಯಾರಿದ್ದಾರೆ? ಕಾಗದದ ಕಾರ್ಖಾನೆಗೆ ಬೇಗ ಬೆಳೆಯೋ ಮರ ಬೇಕು," ಎಂದರು ಸಾಹೇಬರು. ಅವರ ದನಿಯೂ ದಣಿದಿತ್ತು.

ಈಗ ರೈತರ ಹೊಲದ ಹೆಬ್ಬೇವು, ನೀಲಗಿರಿ ಲಾರಿಯಲ್ಲಿ ಕಾರ್ಖಾನೆಗೆ ಬರುತ್ತವೆ. ತೂಕದ ಲೆಕ್ಕ. ತೂಕದ ಕಟ್ಟೆಯ ಗೇಟು ಕಾಯುವುದು ಬಸ್ತ್ಯಾವನ ಕೆಲಸ. ಅಲ್ಲಿಯ ಮುರಿದ ಕಿಟಕಿಯ ಬಾಗಿಲು ಬಡಿಯದಂತೆ ಅದಕ್ಕೆ ನನ್ನನ್ನು ಕಟ್ಟಿದ್ದಾನೆ.

ಬುತ್ತಿ ತಂದ ಪಾವಲಿನ ಲಾರಿ ನೋಡಿ ಕೇಳುತ್ತಾಳೆ: "ಎಷ್ಟ್ ವರ್ಷದ ಗಿಡಾನೋ ಇವು?"

"ಯಾರಿಗ್ಗೊತ್ತು? ಇಷ್ಟ್ ಟನ್ನು ಅಂತಾರ, ಅಷ್ಟಽ."

ಒಂದು ಮರ ಅಳೆಯಬೇಕಾದರೆ ಅದರ ಸುತ್ತ ಒಮ್ಮೆಯಾದರೂ ಹೋಗಿ ಬರಬೇಕಿತ್ತು. ತೂಗಲು ಬಂದವರು ಲಾರಿಯಿಂದ ಇಳಿಯುವುದೂ ಇಲ್ಲ.