ಒಂದೂವರೆ ಕಣ್ಣು

ಅಣ್ಣ ಇಪ್ಪತ್ತೆರಡು ವರ್ಷದಿಂದ ಸಿಟಿ ಬಸ್ ಓಡಿಸುತ್ತಿದ್ದ. ಮೂವತ್ತರ ವಯಸ್ಸಿನಲ್ಲಿ ರೆಪ್ಪೆ ಎತ್ತುವ ನರ ಸೋತು ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದು ನಿಂತಿತ್ತು. ನೋಟಕ್ಕೇನೂ ಕುಂದಿರಲಿಲ್ಲ, ವರ್ಷಕ್ಕೊಮ್ಮೆ ಡಾಕ್ಟರು ಪರೀಕ್ಷಿಸಿ ಚೀಟಿ ಬರೆದುಕೊಡುತ್ತಿದ್ದರು. ಡಿಪೋದವರು ಅವನನ್ನು ‘ಒಂದೂವರೆ’ ಎಂದೇ ಕರೆಯುತ್ತಿದ್ದರು.

“ಎರಡೆರಡು ಕಣ್ಣಿರೋ ನೀವು ಗಾಡಿ ಉಜ್ಜಿಕೊಂಡು ಬರ್ತೀರಿ. ನಂಗೆ ಒಂದೂವರೇನೇ ಸಾಕಪ್ಪ” ಎಂದು ಅವನೂ ನಗುತ್ತಿದ್ದ. ಅಷ್ಟು ವರ್ಷದಲ್ಲಿ ಅವನ ಬಸ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಅವನ ತಂಗಿಗೆ ಮದುವೆಯಾಗಿರಲಿಲ್ಲ. ಅಣ್ಣ ಅತ್ತಿಗೆಯ ಜೊತೆಗೇ ಇದ್ದಳು. ಅವಳ ಕೆಲಸ ಒಂದು ಕಂಪನಿಯ ಮೂರನೇ ಮಹಡಿಯಲ್ಲಿ. ದಿನವಿಡೀ ಪರದೆಯ ಮೇಲೆ ಯಾರ‍್ಯಾರದೋ ಕಣ್ಣುಗಳ ತುಣುಕು ವಿಡಿಯೊಗಳು ಬರುತ್ತಿದ್ದವು. ಒಂದೊಂದನ್ನೂ ನೋಡಿ ‘ಗಮನವಿದೆ’ ಅಥವಾ ‘ತೂಕಡಿಕೆ’ ಎಂದು ಗುರುತು ಹಾಕಬೇಕು. ಹಾಗೆ ಸಾವಿರಾರು ಗುರುತು ಕಲಿತ ಯಂತ್ರ ಆಮೇಲೆ ತಾನೇ ಮನುಷ್ಯರ ಕಣ್ಣು ಓದುತ್ತದೆ. ಯಾವ ಕಣ್ಣಿನ ರೆಪ್ಪೆಯಾದರೂ ಅರ್ಧಕ್ಕೆ ಇಳಿದು ಎರಡು ಸೆಕೆಂಡು ನಿಂತರೆ ತೂಕಡಿಕೆ; ಇದು ನಿಯಮ.

ಒಮ್ಮೆ ಅಣ್ಣನಂಥದೇ ಜೋಲು ರೆಪ್ಪೆಯ ಹೆಂಗಸೊಬ್ಬಳ ತುಣುಕು ಬಂತು. ತಂಗಿ ಮೇಲ್ವಿಚಾರಕನನ್ನು ಕರೆದು ತೋರಿಸಿದಳು. “ಇವರು ಎಚ್ಚರವಾಗೇ ಇದಾರೆ ಸಾರ್. ರೆಪ್ಪೆ ಇರೋದೇ ಹಾಗೆ.”

“ನಿಯಮದಲ್ಲಿ ಹಾಗಿದೆಯಾ?”

“ಇಲ್ಲ.”

“ಮತ್ತೆ? ತೂಕಡಿಕೆ ಅಂತ ಹಾಕಿ ಮುಂದೆ ಹೋಗಿ.”

ಅವಳು ಹಾಕಿದಳು. ಅಂಥ ಕಣ್ಣು ಮತ್ತೆ ಬಂದಾಗ ಯಾರನ್ನೂ ಕೇಳಲಿಲ್ಲ.

ಮುಂದಿನ ವರ್ಷ ಬಸ್ಸುಗಳಲ್ಲಿ ಸ್ಟೇರಿಂಗ್ ಪಕ್ಕ ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಯಾಮೆರಾ ಕೂರಿಸಿದರು; ಒಳಗಿದ್ದದ್ದು ತಂಗಿಯ ಕಂಪನಿ ಕಲಿಸಿದ ಅದೇ ಯಂತ್ರ. ಮೊದಲ ದಿನವೇ ಅದು ಅಣ್ಣನ ಮುಖ ನೋಡಿ ನಲವತ್ತು ಸಲ ಕಿರುಚಿತು. “ಡ್ರೈವರ್ ನಿದ್ದೆ ಮಾಡ್ತಿದಾರೆ, ಇಳಿಸ್ರೀ” ಎಂದು ಹಿಂದಿನ ಸೀಟಿನ ಹೆಂಗಸು ಮಗುವನ್ನು ಎತ್ತಿಕೊಂಡು ಎದ್ದು ನಿಂತಳು. ಅಣ್ಣ ಡಾಕ್ಟರ ಚೀಟಿ ಹಿಡಿದು ಡಿಪೋ ಮ್ಯಾನೇಜರ್ ಹತ್ತಿರ ಹೋದ. “ನಂಗೆ ಗೊತ್ತು ಕಣಯ್ಯ, ಯಂತ್ರಕ್ಕೆ ಗೊತ್ತಿಲ್ವಲ್ಲ. ವರದಿ ನೇರ ಮೇಲಕ್ಕೆ ಹೋಗುತ್ತೆ” ಎಂದರು ಅವರು.

ಮನೆಯಲ್ಲಿ ಅವನು ಇದನ್ನೆಲ್ಲ ಹೇಳುವಾಗ ತಂಗಿ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರುದಿನದಿಂದ ಅವನು ರೆಪ್ಪೆಯನ್ನು ಮೇಲೆತ್ತಿ ಹಣೆಗೆ ಪ್ಲಾಸ್ಟರ್ ಅಂಟಿಸಿಕೊಂಡು ಹೊರಟ. ಅಂಟಿಸಿಕೊಡುವವಳು ಅತ್ತಿಗೆ. ಯಂತ್ರ ಬಾಯಿ ಮುಚ್ಚಿತು. ಆದರೆ ಮುಚ್ಚದ ಕಣ್ಣು ಒಣಗಿ ಕೆಂಪಾಯಿತು, ಉರಿದು ನೀರು ಸುರಿಯಿತು. ಐದನೆಯ ದಿನ ಆ ನೀರಿನಲ್ಲಿ ರಸ್ತೆ ಕಲಸಿಹೋಗಿ ಬಸ್ಸು ತಂಗುದಾಣದ ಕಂಬಕ್ಕೆ ಬಡಿಯಿತು. ಕಾಯುತ್ತಿದ್ದ ಮುದುಕರೊಬ್ಬರ ಕಾಲು ಮುರಿಯಿತು.

ವಿಚಾರಣೆಗೆ ತಂಗಿಯೂ ಹೋದಳು. ಅಧಿಕಾರಿ ನಲವತ್ತು ಎಚ್ಚರಿಕೆಗಳ ಹಾಳೆಯನ್ನು ಮುಂದಿಟ್ಟರು. “ಯಂತ್ರ ಮೊದಲೇ ಹೇಳಿತ್ತಲ್ಲ?”

“ಅದಕ್ಕೆ ಹಾಗೆ ಕಲಿಸಿರೋದು ತಪ್ಪು ಸಾರ್” ಎಂದಳು ಅವಳು. “ಕಲಿಸಿದವರಲ್ಲಿ ನಾನೂ ಒಬ್ಬಳು.”

ಅಧಿಕಾರಿ ಅದನ್ನು ಬರೆದುಕೊಳ್ಳಲಿಲ್ಲ. ಅಣ್ಣ ಮಾತ್ರ ತಿರುಗಿ ಅವಳನ್ನೇ ನೋಡಿದ.

ಹೊರಗೆ ಮೆಟ್ಟಿಲ ಮೇಲೆ ಕೇಳಿದ. “ನಿಂಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತಣ್ಣ.”

“ನಾನು ಪ್ಲಾಸ್ಟರ್ ಹಾಕ್ಕೊಂಡು ಹೋಗ್ತಿದ್ದಾಗಲೂ?”

“ಹ್ಞೂಂ. ಹೊರಗೆ ಬಾಯಿ ಬಿಡಲ್ಲ ಅಂತ ಸಹಿ ಹಾಕಿಸ್ಕೊಂಡಿದ್ರು. ಕೆಲಸ ಹೋಗುತ್ತೆ ಅಂತ ಹೆದರಿದೆ.”

“ನಾನೂ ಕೆಲಸ ಹೋಗುತ್ತೆ ಅಂತಲೇ ಕಣ್ಣು ಅಂಟಿಸ್ಕೊಂಡಿದ್ದು” ಎಂದು ಅವನು ಮೆಟ್ಟಿಲಿಳಿದ.

ಅವನನ್ನು ಬಸ್ ತೊಳೆಯುವ ಕಡೆಗೆ ಹಾಕಿದರು. ತಂಗಿ ಕಂಪನಿಯವರಿಗೆ ಮೂರು ಸಲ ಪತ್ರ ಬರೆದಳು. ಏಳು ತಿಂಗಳ ಮೇಲೆ ಅವರು ‘ಜೋಲು ರೆಪ್ಪೆ, ಎಚ್ಚರವಿದೆ’ ಎಂಬ ಹೊಸ ಗುರುತು ಸೇರಿಸಿದರು. ಯಂತ್ರಗಳೆಲ್ಲ ತಿದ್ದಿಕೊಂಡವು. ಅವಳು ಅಣ್ಣನ ಪರವಾಗಿ ಅರ್ಜಿ ಹಿಡಿದು ಮತ್ತೆ ಅದೇ ಅಧಿಕಾರಿಯ ಮುಂದೆ ನಿಂತಳು. “ಎಚ್ಚರಿಕೆಗಳನ್ನ ತೆಗೆದುಹಾಕ್ತೀವಮ್ಮ” ಎಂದರು ಅವರು. “ಆದರೆ ಕಂಬಕ್ಕೆ ಗುದ್ದಿದ್ದು ನಿಜ ತಾನೇ?”

ಅವಳು ಅದೇ ತಿಂಗಳು ಬೇರೆ ಕೋಣೆ ಹಿಡಿದಳು. ಹೊರಡುವಾಗ ಅತ್ತಿಗೆ ಬಾಗಿಲವರೆಗೆ ಬಂದು ಕೈಚೀಲ ಕೊಟ್ಟಳು. ಅಣ್ಣ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ನಿದ್ದೆಯೋ ಎಚ್ಚರವೋ ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.