ಕುರ್ಚಿಯೆತ್ತರದ ಸಮುದ್ರ

ನನ್ನ ಗಂಡ ಅರ್ವಿಡ್ ಈ ಚಳಿಗಾಲವನ್ನೆಲ್ಲ ತಾನೇ ಕಟ್ಟಿದ ಹಲಗೆಗೋಡೆಯನ್ನು ನೋಡುತ್ತ ಕಳೆದ. ನಮ್ಮ ಮನೆಯ ಡೆಕ್, ಅಂದರೆ ಮರದ ತೆರೆದ ಜಗಲಿ, ಬಂಡೆಗಳ ಮೇಲೆ ಕೊಲ್ಲಿಯತ್ತ ಚಾಚಿಕೊಂಡಿದೆ. ಗಾಳಿ ತಡೆಯಲೆಂದು ಅದರ ಅಂಚಿಗೆ ಎದೆಮಟ್ಟ ದೇವದಾರು ಹಲಗೆ ಬಡಿದವನು ಅವನೇ. ನಿಂತವನಿಗೆ ಅದರ ಮೇಲಿಂದ ಇಡೀ ಕೊಲ್ಲಿ ಕಾಣುತ್ತಿತ್ತು. ದೋಣಿಯಲ್ಲಿ ಬಲೆ ಎಳೆಯುವ ರಾಟೆ ಬಡಿದು ಬೆನ್ನುಮೂಳೆ ಮುರಿದ ಮೇಲೆ, ಗಾಲಿಕುರ್ಚಿಯಲ್ಲಿ ಕೂತವನಿಗೆ ಕಾಣುತ್ತಿದ್ದುದು ಹಲಗೆಯ ಗಂಟುಗಳು ಮಾತ್ರ.

ಮೇ ತಿಂಗಳಲ್ಲಿ ನಮ್ಮೂರಿನ ದೋಣಿಗಳೆಲ್ಲ ಸಾಲ್ಮನ್ ಹಿಡಿಯಲು ಅಲಾಸ್ಕಾಕ್ಕೆ ಹೊರಡುತ್ತವೆ. ಈ ಸಲ ನಮ್ಮ ದೋಣಿ ‘ಮಾರ್ಗಿಟ್’ ನಡೆಸುವವಳು ಮಗಳು ಸಿಗ್ನೆ. ಅವಳು ಚುಕ್ಕಾಣಿ ಹಿಡಿಯುತ್ತೇನೆಂದ ದಿನದಿಂದ ಅಪ್ಪ ಮಗಳ ನಡುವೆ ಮಾತಿಲ್ಲ. ಇನ್ನೊಂದು ವರ್ಷ ಕಾಯಬಹುದಿತ್ತು ಅನ್ನುತ್ತಾನೆ ಇವನು. ಕಾದರೆ ಕಾಲು ಬರುತ್ತದೆಯೇ? ಅವಳೂ ಅದೇ ರಕ್ತ, ಬಗ್ಗುವ ಜಾತಿಯಲ್ಲ. ಇಬ್ಬರೂ ಮುಖ ನೋಡಿಕೊಳ್ಳದೆ ಅವಳು ಕಡಲಿಗೆ ಇಳಿಯುವುದು ನನಗೆ ಸುತರಾಂ ಒಪ್ಪಿಗೆಯಿರಲಿಲ್ಲ.

ಬಂದರಿನಲ್ಲಿ ದೋಣಿಗಳತ್ತ ಇಳಿಯುವ ದಾರಿ ಸಮುದ್ರದ ಇಳಿತದ ಹೊತ್ತಿಗೆ ಏಣಿಯಷ್ಟು ಕಡಿದಾಗುತ್ತದೆ. ಅಲ್ಲಿ ಗಾಲಿಕುರ್ಚಿ ಇಳಿಸುವ ಮಾತೇ ಇಲ್ಲ. ಅವನು ಮಗಳನ್ನು ನೋಡುವುದಾದರೆ ಡೆಕ್ಕಿನಿಂದಲೇ ನೋಡಬೇಕು. ಹಲಗೆ ಕಿತ್ತು, ಕಂಬ ನೆಟ್ಟು, ಆಚೆ ಕಾಣುವ ಹಾಗೆ ಅಡ್ಡಡ್ಡಕ್ಕೆ ಉಕ್ಕಿನ ಕೇಬಲ್ ಎಳೆದುಬಿಡುವುದೆಂದು ತೀರ್ಮಾನಿಸಿದೆ.

“ನನ್ನ ಗೋಡೆ ಮುಟ್ಬೇಡ,” ಎಂದ ಅರ್ವಿಡ್.

“ನಿನ್ನ ಗೋಡೆ ಇನ್ನು ಒಲೆಗೇ ಲಾಯಕ್ಕು, ಮಾರಾಯ.”

“ಅವಳು ಹೋಗೋದನ್ನ ನಾನ್ಯಾಕೆ ನೋಡ್ಲಿ?”

“ನೋಡ್ಬೇಡ. ಕಣ್ಮುಚ್ಕೊಂಡೇ ಕೂತ್ಕೊ. ಆದ್ರೆ ಹೊರಗೆ ಕೂತ್ಕೊ.”

ನಮ್ಮಲ್ಲೊಂದು ನಂಬಿಕೆಯಿದೆ. ಹೊರಟ ದೋಣಿ ಕಣ್ಮರೆಯಾಗುವ ತನಕ ಮನೆಯವರು ನೋಡಬಾರದು. ಮರೆಯಾದದ್ದನ್ನು ಕಣ್ಣಾರೆ ಕಂಡರೆ ಅದು ಮರಳುವುದಿಲ್ಲ. ದೋಣಿ ದೀಪಸ್ತಂಭದ ಮೂಲೆ ಮುಟ್ಟುವ ಮೊದಲೇ ಬೆನ್ನು ತಿರುಗಿಸುತ್ತೇವೆ. ಕೊನೆಯವರೆಗೂ ನೋಡುತ್ತ ನಿಲ್ಲುವವರು ಪ್ರವಾಸಿಗಳು. ಮದುವೆಯಾದಾಗಿನಿಂದ ನಾನು ಪ್ರತಿ ಬೇಸಿಗೆಯಲ್ಲೂ ಗಂಡನಿಗೆ ಬೆನ್ನು ತಿರುಗಿಸಿಯೇ ಅವನನ್ನು ಉಳಿಸಿಕೊಂಡಿದ್ದೇನೆ.

ಕಬ್ಬಿಣದ ಕಂಬಗಳನ್ನು ನೆಟ್ಟು ಬೋಲ್ಟು ಬಿಗಿದೆ, ತೂತು ಕೊರೆದೆ, ಕೇಬಲ್ ಪೋಣಿಸಿದೆ. ಮದುವೆಗೆ ಮುಂಚೆ ಮಾರ್ಗಿಟ್‌ನಲ್ಲಿ ಅಡುಗೆಯನ್ನೂ ಬಲೆಯನ್ನೂ ನೋಡಿಕೊಂಡವಳು ನಾನು. ತಂತಿಯ ಕೆಲಸ ನನಗೆ ಹೊಸದಲ್ಲ. ದೋಣಿಯ ಅಂಚಿಗೆ ಕಟ್ಟುವ ಹಾಗೆಯೇ ತುಸು ಬಿಗಿ, ತುಸು ಸಡಿಲ ಮಾಡಿ ಕಟ್ಟಿದೆ. ಅರ್ವಿಡ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ.

ದೋಣಿಗಳು ಹೊರಡುವ ಮುನ್ನಾದಿನ ಬೆಳಿಗ್ಗೆ ಪೌರಾಡಳಿತದ ತಪಾಸಣೆಗೆ ವೆಂಡೆಲ್ ಬಂದ. ನಮ್ಮ ಕಣ್ಣೆದುರೇ ಬೆಳೆದ ಹುಡುಗ. ಈಗ ಕೊರಳಲ್ಲಿ ಗುರುತಿನ ಚೀಟಿ. ಕಿತ್ತಳೆಗಿಂತ ದೊಡ್ಡದಾದ ಒಂದು ಚೆಂಡನ್ನು ಎರಡು ಕೇಬಲ್‌ಗಳ ನಡುವೆ ಒತ್ತಿದ. ಕೇಬಲ್‌ಗಳು ದಾರಿ ಬಿಟ್ಟವು. ಚೆಂಡು ಆಚೆ ಹಾರಿ, ಬಂಡೆಗೆ ಬಡಿದು, ನೀರಿಗೆ ಬಿತ್ತು.

“ಚೆಂಡು ಹೋದ್ರೆ ಮಗೂನೂ ಹೋದ ಹಾಗೇ, ಆಂಟಿ.”

“ಈ ಮನೇಲಿ ಮಗು ಎಲ್ಲಿದ್ಯೋ? ಇರೋ ಒಂದಕ್ಕೆ ಗಡ್ಡ ಬೆಳ್ಳಗಾಗಿದೆ.”

“ನಿಯಮ ನಿಯಮಾನೇ. ಸರಿ ಮಾಡಿ, ಸಂಜೆ ಮತ್ತೆ ಬರ್ತೀನಿ. ಅದು ಪಾಸಾಗೋ ತನಕ ಅಂಕಲ್ ಇಲ್ಲಿ ಕೂರೋ ಹಾಗಿಲ್ಲ.”

ಅವನು ಹೋದ ಮೇಲೆ ಸ್ಪ್ಯಾನರ್ ಹಿಡಿದು ಕೂತೆ. ಎಲ್ಲಕ್ಕಿಂತ ಮೇಲಿನ ಕೇಬಲ್ ಬಿಗಿದೆ, ಅದರ ಕೆಳಗಿನದನ್ನು ಬಿಗಿದೆ. ಕೆಳಗಿನದು ಬಿಗಿಯಾದರೆ ಮೇಲಿನದು ಸಡಿಲ. ಮತ್ತೆ ಮೇಲಿಂದ ಬಂದರೆ ಅದೇ ಗೋಳು. ಮಧ್ಯಾಹ್ನದ ಹೊತ್ತಿಗೆ ತಲೆಕೆಟ್ಟು ಸ್ಪ್ಯಾನರ್ ಬಿಸಾಡಿದೆ. ಹಿಂದಿನಿಂದ ನಗು ಕೇಳಿಸಿತು. ಅರ್ವಿಡ್ ಹೊಸ್ತಿಲಲ್ಲಿದ್ದ. ಅವನ ನಗುವನ್ನು ನಾನು ಮರೆತೇಬಿಟ್ಟಿದ್ದೆ.

“ಮೇಲಿಂದ ಶುರು ಮಾಡಿದ್ರೆ ಹಾಗೇ ಆಗೋದು. ನಡುವಿಂದ ಬಿಗಿ. ಆಮೇಲೆ ಮೇಲೊಂದು, ಕೆಳಗೊಂದು. ಆಗ ಕಂಬ ಬಗ್ಗಿದ್ರೂ ಒಂದೇ ಸಮ ಬಗ್ಗತ್ತೆ.”

“ಇಷ್ಟು ಹೊತ್ತು ಬಾಯಿಗೆ ಬೀಗ ಹಾಕಿತ್ತಾ?”

“ದೋಣಿ ಥರ ಕಟ್ಟಿದ್ದೀಯ ಅಂತ ಮೊದಲ ದಿನಾನೇ ಗೊತ್ತಾಯ್ತು. ದೋಣಿ ಅಲೆಗೆ ಬಗ್ಗಬೇಕು. ಮನೆ ಯಾಕೆ ಬಗ್ಗಬೇಕು?”

“ಮನೇಲಿರೋರಾದ್ರೂ ಒಂಚೂರು ಬಗ್ಗಲಿ!” ನನಗೆ ಮೈ ಉರಿದುಹೋಯಿತು. “ಗೊತ್ತಿದ್ದೂ ಸುಮ್ನಿದ್ಯಾ? ಕೆಲಸ ಕೆಡಲಿ ಅಂತಾನೇ ನೋಡ್ತಾ ಕೂತಿದ್ಯಾ?”

ಅವನು ಅಂಗೈ ಉಜ್ಜಿಕೊಂಡ. “ಹೌದು. ಅವಳು ಹೋಗೋದು ನೋಡಿದ್ರೆ, ನಾನಿನ್ನು ಯಾವತ್ತೂ ಹೋಗಲ್ಲ ಅನ್ನೋದು ನಿಜವಾಗಿಬಿಡತ್ತೆ, ಥೋರಾ.”

ನನ್ನ ಕೋಪ ಅಲ್ಲೇ ಇಳಿದುಹೋಯಿತು. ಬಿದ್ದಿದ್ದ ಸ್ಪ್ಯಾನರ್ ಎತ್ತಿ ಅವನ ತೊಡೆಯ ಮೇಲಿಟ್ಟೆ. ವೆಂಡೆಲ್ ಹಾಕಿದ ನಿಯಮಕ್ಕೆ ಕ್ಯಾರೇ ಅನ್ನದೆ ಅವನು ಹೊಸ್ತಿಲು ದಾಟಿ ಬಂದ. ನಡುವಿನ ಕೇಬಲ್ ಕುರ್ಚಿಯಲ್ಲಿ ಕೂತವನ ಕೈಗೆ ಸರಿಯಾಗಿ ಸಿಗುತ್ತಿತ್ತು. ಅವನು ನಡುವಿನದನ್ನೂ ಕೆಳಗಿನವನ್ನೂ ಬಿಗಿದ, ನಾನು ಮೇಲಿನವನ್ನು. ಒಂದೊಂದನ್ನೂ ಬೆರಳಿನಿಂದ ಮೀಟಿ, ಮುಖ ಸಿಂಡರಿಸಿ, “ಇನ್ನೂ ಸ್ವಲ್ಪ,” ಅನ್ನುತ್ತಿದ್ದ. ನಾನು ಬೈಯುತ್ತ ಬಿಗಿಯುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಂದೇ ಕೆಲಸದಲ್ಲಿದ್ದೆವು.

ಸಂಜೆ ವೆಂಡೆಲ್ ಹೊಸ ಚೆಂಡು ತಂದ. ಒತ್ತಿದ, ಮೊಣಕಾಲು ಕೊಟ್ಟು ಒತ್ತಿದ. ಅದು ಅಲ್ಲೇ ನಿಂತಿತು. “ಇದಾದ್ರೂ ಉಳೀತಲ್ಲ,” ಎಂದು ಕೋಟಿನ ಜೇಬಿಗೆ ತುರುಕಿಕೊಂಡು, ಕಾಫಿ ಕುಡಿದು ಹೋದ.

ಬೆಳಿಗ್ಗೆ ದೋಣಿಗಳು ಒಂದರ ಹಿಂದೊಂದು ಹೊರಟವು. ಅರ್ವಿಡ್ ಉಣ್ಣೆಯ ಟೋಪಿ ಹಾಕಿಕೊಂಡು ಕಂಬಿಗೆ ಒತ್ತಿ ಕೂತಿದ್ದ. ಮಾರ್ಗಿಟ್ ನಮ್ಮ ಬಂಡೆಗಳ ಮುಂದೆ ಬಂತು. ಸಿಗ್ನೆ ಅಭ್ಯಾಸಬಲದಿಂದ ಇತ್ತ ಕಣ್ಣು ಹಾಯಿಸಿದಳು. ಹಲಗೆಯಿದ್ದ ಜಾಗದಲ್ಲಿ ಅಪ್ಪ ಇದ್ದ. ಅವಳು ದೋಣಿಯ ವೇಗ ತಗ್ಗಿಸಿ ಉದ್ದಕ್ಕೆ ಹಾರ್ನ್ ಊದಿದಳು.

ಅರ್ವಿಡ್ ಎರಡೂ ಕೈ ಎತ್ತಿದ. “ಮೂಲೇಲಿ ಸೆಳೆತ ಇದೆ! ಹೊರಗಿಂದ ಸುತ್ತಿ ಹೋಗೇ, ಮಗಳೇ!” ಎಂದು ಕೂಗಿದ. ಅವಳಿಗೆ ಕೇಳಿಸುವ ಸಂಭವವೇ ಇರಲಿಲ್ಲ. ಆದರೂ ಮಾರ್ಗಿಟ್ ಹೊರಸುತ್ತಿನ ದಾರಿಗೇ ತಿರುಗಿತು.

ದೋಣಿ ದೀಪಸ್ತಂಭವನ್ನು ಸಮೀಪಿಸುತ್ತಿತ್ತು. ನಾನು ಬೆನ್ನು ತಿರುಗಿಸಿದೆ. ಅವನು ಮಾತ್ರ ಕೇಬಲ್‌ಗಳ ನಡುವಿನಿಂದ ಇನ್ನೂ ನೋಡುತ್ತಿದ್ದ. ದಡದಲ್ಲಿ ಉಳಿದು ಬೆನ್ನು ತಿರುಗಿಸುವುದು ಅವನು ಯಾವತ್ತೂ ಮಾಡದ ಕೆಲಸ. ಅವನಿಗೆ ಸದಾ ಬೆನ್ನು ತೋರಿಸಿದವರು ನಾವು. ಮರೆಯಾಗುವ ತನಕ ನೋಡಿಯೇಬಿಟ್ಟರೆ ಎಂದು ನನಗೆ ಭಯವಾಯಿತು.

ಗಾಲಿಗಳು ಕಿರುಗುಟ್ಟಿದವು. ಅರ್ವಿಡ್ ಕುರ್ಚಿಯನ್ನು ಪೂರ್ತಿ ತಿರುಗಿಸಿ ನನ್ನ ಪಕ್ಕಕ್ಕೆ ಬಂದ. ಇಬ್ಬರೂ ಅಡುಗೆಮನೆಯ ಗೋಡೆಯನ್ನು ನೋಡುತ್ತಿದ್ದೆವು. ಅವನ ಕೆನ್ನೆ ಒದ್ದೆಯಾಗಿತ್ತು.

“ದಾಟಿದ್ಲಾ?” ಎಂದ.

“ನನಗೇನ್ ಗೊತ್ತು? ನಾನೂ ಈ ಕಡೇನೇ ನೋಡ್ತಿದ್ದೀನಿ.”

“ಇರ್ಲಿ ಬಿಡು. ಬರೋವಾಗ ನೋಡೋಣ.”